ಐವತ್ತೆರಡನೇ ಪ್ರಶ್ನೆ

ತಾಂಗ್ ಸುಯುನ್ ನಮ್ಮ ಶಾಲೆಗೆ ಬಂದು ಸೇರಿದಾಗ ಅವಳಿಗೆ 'ಎ' ಅಕ್ಷರದಿಂದ ಶುರುವಾಗುವ ದೊಡ್ಡ ಇಂಗ್ಲಿಷ್ ಪದಗಳು ಬರುತ್ತಿರಲಿಲ್ಲ. ಉಳಿದೆಲ್ಲ ಅಕ್ಷರಗಳ ಪದಗಳು ಬರುತ್ತಿದ್ದವು. ಇದು ಗೊತ್ತಾದದ್ದು ಮೊದಲನೇ ವಾರದ ಪದಪರೀಕ್ಷೆಯಲ್ಲಿ. ನಲವತ್ತು ಪದ ಕೊಟ್ಟಿದ್ದೆ. ತರಗತಿಯಲ್ಲಿ ಅರ್ಧ ಜನ ಮುಟ್ಟದೆ ಬಿಟ್ಟ ಕಠಿಣ ಪದಗಳಿಗೆಲ್ಲ ಹುಡುಗಿ ಸರಿಯಾದ ಅರ್ಥ ಬರೆದಿದ್ದಳು. ಪಟ್ಟಿಯ ಮೊದಲನೇ ಪದ 'ಅಬ್ಯಾಂಡನ್' ಮುಂದೆ ಮಾತ್ರ ಖಾಲಿ.

ನಮ್ಮಲ್ಲಿ ಇಂಗ್ಲಿಷ್ ಪದಪುಸ್ತಕ ತೆರೆದ ಪ್ರತಿ ಮಗುವೂ ಮೊದಲು ಬಾಯಿಪಾಠ ಮಾಡುವುದೇ ಆ ಪದ. ಅರ್ಥ, ಕೈಬಿಡು. ಮುಕ್ಕಾಲುವಾಸಿ ಮಕ್ಕಳು ಪುಸ್ತಕವನ್ನು ಅಲ್ಲಿಗೇ ಕೈಬಿಡುತ್ತಾರೆ ಅನ್ನುವುದು ನಮ್ಮ ಸ್ಟಾಫ್ ರೂಮಿನ ಹಳೇ ಜೋಕು.

"ಎಲ್ಲರಿಗೂ ಬರೋ ಪದ ನಿನಗೆ ಬರಲ್ಲ, ಯಾರಿಗೂ ಬರದೇ ಇರೋದೆಲ್ಲ ಬರುತ್ತೆ. ಯಾವ ಲೋಕದಿಂದ ಬಂದೆಯಮ್ಮ?" ಅಂದೆ.

ಅವಳು ಚೀಲದಿಂದ ಒಂದು ದಪ್ಪ ಡಿಕ್ಷನರಿ ತೆಗೆದು ಮೇಜಿನ ಮೇಲಿಟ್ಟಳು. ರಟ್ಟಿಲ್ಲ, ಮೊದಲ ಎಪ್ಪತ್ತು ಪುಟಗಳಿಲ್ಲ.

"ನನ್ನ ಡಿಕ್ಷನರಿ 'ಬಿ'ಯಿಂದ ಶುರು, ಟೀಚರ್. ಚಿಂಗ್‌ಹಾಯ್‌ನಲ್ಲಿ ಇದ್ದಾಗ ಅಪ್ಪ ಗುಜರಿ ಅಂಗಡಿಯಿಂದ ಹಳೇ ಪೇಪರ್ ತಂದಿದ್ರು, ಜೇನಿನ ಬಾಟಲಿ ಸುತ್ತೋಕೆ. ಅದರಲ್ಲಿ ಇದೂ ಇತ್ತು. ನಾನು ನೋಡೋ ಹೊತ್ತಿಗೆ ಅಮ್ಮ ಹರೀತಾ ಹರೀತಾ 'ಬಿ'ಗೆ ಬಂದುಬಿಟ್ಟಿದ್ರು."

ತರಗತಿ ಗೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ, ನಾಚಿಕೊಳ್ಳಲೂ ಇಲ್ಲ. ಉಳಿದದ್ದನ್ನಾದರೂ ಉಳಿಸಿದೆನಲ್ಲ ಎಂಬಂತೆ ಡಿಕ್ಷನರಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು.

ಚೀನಾದ ಝೆಜಿಯಾಂಗ್ ಪ್ರಾಂತದ ಪಶ್ಚಿಮಕ್ಕೆ, ಗುಡ್ಡಗಳ ನಡುವಿನ ತಾಲ್ಲೂಕು ಪಟ್ಟಣ ನಮ್ಮದು. ಜೇನು ಸಾಕುವ ಮನೆಗಳು ಬಹಳ. ಜನವರಿಯಲ್ಲಿ ಪೆಟ್ಟಿಗೆಗಳನ್ನು ಲಾರಿಗೇರಿಸಿ ಹೂವಿನ ಬೆನ್ನು ಹತ್ತಿ ಹೊರಟರೆ ಯುನ್ನಾನ್, ಸಿಚುವಾನ್, ಆಮೇಲೆ ಉತ್ತರಕ್ಕೆ, ಬೇಸಿಗೆಗೆ ಚಿಂಗ್‌ಹಾಯ್. ಊರಿಗೆ ಬರುವುದು ಚಳಿಗಾಲಕ್ಕೆ. ಸುಯುನ್ ಹಾಗೆ ಐದು ಪ್ರಾಂತಗಳಲ್ಲಿ, ನಮ್ಮದೂ ಸೇರಿ ಎಂಟು ಶಾಲೆಗಳಲ್ಲಿ ಓದಿದವಳು. ಕಾಲೇಜು ಪ್ರವೇಶ ಪರೀಕ್ಷೆಯನ್ನು ಮಾತ್ರ ಕುಟುಂಬದ ಹೆಸರು ಸರ್ಕಾರಿ ದಾಖಲೆಯಲ್ಲಿರುವ ಊರಿನಲ್ಲೇ ಬರೆಯಬೇಕು. ಅದಕ್ಕೇ ಕೊನೆಯ ವರ್ಷಕ್ಕೆ ಅವಳನ್ನು ನಮ್ಮ ಹಾಸ್ಟೆಲಿಗೆ ತಂದು ಬಿಟ್ಟಿದ್ದರು.

ಅವಳ ಪಕ್ಕ ಕೂರುತ್ತಿದ್ದವಳು ಫಾಂಗ್ ಮೆಂಗ್‌ಜಿಯಾ, ತರಗತಿಗೆ ಮೊದಲನೆಯವಳು. ಮೆಂಗ್‌ಜಿಯಾಗೆ ಬಾಯಿ ಸ್ವಲ್ಪ ಜಾಸ್ತಿ.

"ಜೇನಮ್ಮ, ಮುಂದಿನ ತಿಂಗಳು ಯಾವೂರಿಗೆ ಹಾರೋದು?" ಅನ್ನುತ್ತಿದ್ದಳು.

"ನಿನ್ನ ಮೂಗಿನ ಮೇಲೆ ಜಾಗ ಇದೆಯಾ ಅಂತ ನೋಡ್ತಿದ್ದೀನಿ. ಅಲ್ಲಾಡಬೇಡ," ಅನ್ನುತ್ತಿದ್ದಳು ಸುಯುನ್.

ನನ್ನ ಬಗ್ಗೆಯೂ ಹೇಳಬೇಕು. ನಾನು ವೆಂಗ್ ಪೈಲಾನ್. ಆಗ ನನಗೆ ಹದಿನೇಳು ವರ್ಷದ ಸರ್ವಿಸ್. ಗದ್ಯಭಾಗ ಓದಿ ಉತ್ತರಿಸುವ ಪ್ರಶ್ನೆಗಳಿಗೆ ನನ್ನದೇ ಒಂದು ವಿಧಾನ ಇತ್ತು. ಜಿಲ್ಲೆಯ ಬೇರೆ ಶಾಲೆಯವರು ಬಂದು ಬರೆದುಕೊಂಡು ಹೋಗುತ್ತಿದ್ದರು. ಮೊದಲು ಪ್ರಶ್ನೆ ಓದು. ಪ್ರಶ್ನೆಯ ಮುಖ್ಯ ಪದವನ್ನು ಗದ್ಯದಲ್ಲಿ ಹುಡುಕು. ಸಿಕ್ಕ ಸಾಲು, ಅದರ ಹಿಂದೊಂದು ಸಾಲು, ಮುಂದೊಂದು ಸಾಲು, ಅಷ್ಟೇ ಓದು. ಉಳಿದದ್ದು ಓದಿದರೆ ಸಮಯ ದಂಡ. ಒಂದು ಗದ್ಯಭಾಗಕ್ಕೆ ಏಳು ನಿಮಿಷ. ನನ್ನ ಮಕ್ಕಳು ಗಡಿಯಾರ ನೋಡದೆಯೇ ಏಳು ನಿಮಿಷ ಹೇಳಬಲ್ಲವರಾಗಿದ್ದರು.

ಸುಯುನ್ ಮಾತ್ರ ಮೊದಲನೇ ಸಾಲಿನಿಂದ ಕೊನೇ ಸಾಲಿನ ತನಕ ಓದುತ್ತಿದ್ದಳು. ಹನ್ನೆರಡು ನಿಮಿಷ. ಎಷ್ಟು ಬೈದರೂ ಅಷ್ಟೇ.

"ಲಾರಿಯಲ್ಲಿ ಕೂತು ಓದಿ ಅಭ್ಯಾಸ, ಟೀಚರ್. ಇಳಿಯೋ ಅವಸರ ಇರಲ್ಲ."

ಮಾರ್ಚ್ ತಿಂಗಳಲ್ಲಿ ಇಡೀ ಜಿಲ್ಲೆಗೆ ಒಂದೇ ಪ್ರಶ್ನೆಪತ್ರಿಕೆಯ ಪೂರ್ವಸಿದ್ಧತಾ ಪರೀಕ್ಷೆ ನಡೆಯಿತು. ಮೂರನೇ ಗದ್ಯಭಾಗ ಒಬ್ಬ ಜೇನು ಸಾಕುವ ಮುದುಕನ ಮೇಲಿತ್ತು. ಹೆಂಡತಿ ಸತ್ತಿದ್ದಾಳೆ, ತೋಟದಲ್ಲಿ ಮುದುಕ ಒಬ್ಬನೇ, ಜೊತೆಗೆ ಆರು ಪೆಟ್ಟಿಗೆ ಜೇನು. ಕೊನೆಯ ಪ್ಯಾರಾದಲ್ಲಿ ಒಂದು ಮುಸ್ಸಂಜೆ. ಜೇನುಹುಳಗಳು ಪೆಟ್ಟಿಗೆಯ ಮುಂದೆ ದಟ್ಟ ಗಡ್ಡದ ಹಾಗೆ ನೇತಾಡುತ್ತಿವೆ, ಒಳಗೆ ಹೋಗುತ್ತಿಲ್ಲ. ಮುದುಕ ನೋಡಿ ಮುಗುಳ್ನಕ್ಕು, ಮುಚ್ಚಳವನ್ನು ಅರ್ಧ ಸರಿಸಿ ಮನೆಯೊಳಗೆ ಹೋಗುತ್ತಾನೆ. ಆ ಪ್ಯಾರಾದ ಮೊದಲ ಸಾಲು: 'ಇಟ್ ಹ್ಯಾಡ್ ಬೀನ್ ಎ ಕ್ಲೋಸ್ ಡೇ.'

ಐವತ್ತೆರಡನೇ ಪ್ರಶ್ನೆ: ಮುದುಕ ಮುಚ್ಚಳ ಸರಿಸಿದ್ದೇಕೆ? 'ಎ', ವಯಸ್ಸಾಗಿ ಮರೆವು ಬಂದಿತ್ತು. 'ಬಿ', ಹುಳಗಳು ತನ್ನನ್ನು ಬಿಟ್ಟು ಹೊರಟಿದ್ದವು, ಹೋಗಲಿ ಎಂದು ದಾರಿ ಬಿಟ್ಟ. 'ಸಿ', ಪೆಟ್ಟಿಗೆ ತಂಪಾಗಲಿ ಎಂದು. 'ಡಿ', ಬೆಳಿಗ್ಗೆ ಜೇನು ತೆಗೆಯಲು. ಎರಡು ಅಂಕ. ಜಿಲ್ಲೆಯಿಂದ ಬಂದ ಉತ್ತರಸೂಚಿಯ ಪ್ರಕಾರ ಉತ್ತರ 'ಬಿ'.

ಮಂಗಳವಾರ ತರಗತಿಯಲ್ಲಿ ಸೂಚಿ ಕೈಯಲ್ಲಿ ಹಿಡಿದು ಒಂದೊಂದೇ ಉತ್ತರ ಓದುತ್ತಾ ಬಂದೆ. ಐವತ್ತೆರಡು, 'ಬಿ' ಅಂದೆ. ಐವತ್ಮೂರು ಅನ್ನುವಷ್ಟರಲ್ಲಿ ಸುಯುನ್ ಎದ್ದು ನಿಂತಳು.

"ಟೀಚರ್, ಅದು 'ಸಿ'."

"ಸೂಚಿಯಲ್ಲಿ 'ಬಿ' ಇದೆ. ಕೂತ್ಕೋ."

"ಸೂಚಿ ತಪ್ಪಾಗಿದೆ."

"ನೋಡು ಸುಯುನ್, ನಿಮ್ಮ ಮನೇಲಿ ಜೇನು ಸಾಕ್ತಾರೆ, ಗೊತ್ತು. ಆದರೆ ಉತ್ತರ ಗದ್ಯದಿಂದ ಬರಬೇಕು, ನಿಮ್ಮ ಮನೆಯಿಂದಲ್ಲ."

"ನಾನೂ ಗದ್ಯದಿಂದಲೇ ಹೇಳ್ತಿರೋದು, ಟೀಚರ್. 'ಕ್ಲೋಸ್ ಡೇ' ಅಂತ ಇದೆಯಲ್ಲ. ಅಂದ್ರೆ ಧಗೆ ದಿನ. ಗಾಳಿ ಆಡದೆ ಉಸಿರು ಕಟ್ಟೋ ಹಂಗಿರೋ ದಿನ. ಅದಕ್ಕೇ ಹುಳ ಹೊರಗೆ ಬಂದಿದ್ದಾವೆ, ಅದಕ್ಕೇ ಅಜ್ಜ ಮುಚ್ಚಳ ಸರಿಸಿದ್ದಾನೆ."

"'ಕ್ಲೋಸ್' ಅಂದ್ರೆ ಹತ್ತಿರ. 'ಕ್ಲೋಸ್' ಅಂದ್ರೆ ಮುಚ್ಚು. ದಿನ ಮುಗೀತಾ ಬಂತು ಅಂತ ಅರ್ಥ. ಒಂಬತ್ತನೇ ವಯಸ್ಸಿನ ಮಕ್ಕಳಿಗೂ ಗೊತ್ತು."

ಮೆಂಗ್‌ಜಿಯಾ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಂತೆ ಅಂದಳು: "ಇವಳ ಡಿಕ್ಷನರೀಲಿ 'ಸಿ' ಅಕ್ಷರಾನೂ ಬಾಟಲಿಗೆ ಸುತ್ತಿಬಿಟ್ಟಿರಬೇಕು."

ಮತ್ತೆ ನಗು. ನಾನೂ ನಕ್ಕೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"'ಸಿ' ಹೊಡೆದು ಹಾಕಿ 'ಬಿ' ಬರಿ. ಮುಂದೆ ಹೋಗೋಣ," ಅಂದೆ.

"ಬರಿಯಲ್ಲ, ಟೀಚರ್."

ಅಷ್ಟು ಹೊತ್ತಿಗೆ ನಮ್ಮ ಮೂರನೇ, ಅಂದರೆ ಕೊನೆಯ ವರ್ಷದ ಮುಖ್ಯಸ್ಥ ಷಾವ್ ಸಾರ್ ವರಾಂಡದಲ್ಲಿ ಬರುತ್ತಿದ್ದರು. ಹಿಂದಿನ ಕಿಟಕಿಯಿಂದ ಇಣುಕುವುದು ಅವರ ಅಭ್ಯಾಸ. ಬಾಗಿಲು ತಳ್ಳಿ ಒಳಗೆ ಬಂದರು.

"ಪರೀಕ್ಷೆಗೆ ಎಂಬತ್ತು ದಿನ ಇದೆ. ಇಲ್ಲಿ ಚರ್ಚಾಕೂಟ ನಡೀತಿದೆಯಾ?" ವಿಷಯ ಕೇಳಿಸಿಕೊಂಡರು. ಎರಡು ಅಂಕದ ಪ್ರಶ್ನೆ ಎಂದು ತಿಳಿದ ಮೇಲೆ ಅವರ ಮುಖದ ಮೇಲೆ ಬೇಸರವೂ ಸಿಟ್ಟೂ ಒಟ್ಟಿಗೆ ಬಂದವು. "ಐವತ್ತು ಸಲ ಬರೀಬೇಕು. 'ಐವತ್ತೆರಡನೇ ಪ್ರಶ್ನೆಗೆ ಸರಿಯಾದ ಉತ್ತರ ಬಿ.' ನಾಳೆ ಬೆಳಿಗ್ಗೆ ನನ್ನ ಟೇಬಲ್ ಮೇಲೆ ಇರಲಿ."

ಮಾರನೇ ಬೆಳಿಗ್ಗೆ ಕಾಗದ ಅವರ ಟೇಬಲ್ ಮೇಲಿತ್ತು. ಐವತ್ತು ಸಾಲು, ಸುಯುನ್‌ಳ ಮುದ್ದಾದ ಅಕ್ಷರ. ಪ್ರತಿ ಸಾಲಿನಲ್ಲೂ ಒಂದೇ ವಾಕ್ಯ: 'ಇಟ್ ಹ್ಯಾಡ್ ಬೀನ್ ಎ ಕ್ಲೋಸ್ ಡೇ.'

ಷಾವ್ ಸಾರ್ ಆ ಕಾಗದ ಹಿಡಿದುಕೊಂಡು ಸ್ಟಾಫ್ ರೂಮಿಗೆ ಬಂದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಅವರದು ರಾಜ್ಯಶಾಸ್ತ್ರ. "ಏನು ಬರೆದಿದ್ದಾಳೆ ಇವಳು? ನನ್ನನ್ನ ಬೈದಿದ್ದಾಳಾ?" ಅಂದರು. ನಾನು ಅರ್ಥ ಹೇಳಿದೆ. ಬೈದಿದ್ದರೇ ವಾಸಿಯಿತ್ತು ಅನ್ನುವಂತೆ ನೋಡಿದರು.

ಗುರುವಾರ ಅವಳ ಅಪ್ಪನಿಗೆ ಫೋನ್ ಹಾಕಿದರು. ಸುಯುನ್ ಟೇಬಲ್ ಮುಂದೆ ನಿಂತಿದ್ದಳು, ನಾನು ಪಕ್ಕದಲ್ಲಿ. ಎಲ್ಲರಿಗೂ ಕೇಳಲಿ ಎಂದು ಷಾವ್ ಸಾರ್ ಫೋನಿನ ಸ್ಪೀಕರ್ ಹಾಕಿದರು. ಆ ಕಡೆ ಸಿಚುವಾನಿನ ಸಾಸಿವೆ ಹೊಲಗಳ ಗಾಳಿ ಬೀಸುವ ಸದ್ದು.

"ನಿಮ್ಮ ಮಗಳು ಟೀಚರ್ ಮಾತು ಕೇಳ್ತಿಲ್ಲ. ಎರಡು ಅಂಕಕ್ಕೋಸ್ಕರ ಶಾಲೆ ಮಾನ ಕಳೀತಿದ್ದಾಳೆ."

"ಅಯ್ಯೋ ಸಾರ್, ಏನಾಯ್ತು ಸಾರ್? ಕದ್ದಳಾ? ಹೊಡೆದಳಾ?"

"ಜೇನುಹುಳದ ಬಗ್ಗೆ ಒಂದು ಪ್ರಶ್ನೆ. ಸಂಜೆ ಹುಳ ಪೆಟ್ಟಿಗೆ ಮುಂದೆ ನೇತಾಡ್ತಿದ್ದಾವೆ. ಬಿಟ್ಟು ಹೋಗ್ತಿದ್ದಾವೆ ಅಂತ ಉತ್ತರ. ಇವಳು ಅಲ್ಲ ಅಂತಾಳೆ."



"ಸಂಜೆ ಹೊತ್ತಲ್ಲಿ ಯಾವ ಹುಳ ಗೂಡು ಬಿಟ್ಟು ಹೋಗುತ್ತೆ, ಸಾರ್? ಹೋಗೋದಾದ್ರೆ ಬಿಸಿಲು ಇರುವಾಗಲೇ ಹೋಗ್ತಾವೆ. ಸಂಜೆ ನೇತಾಡಿದ್ರೆ ಅದು ಸೆಕೆಗೆ..." ಅಷ್ಟಕ್ಕೆ ಅವರಿಗೆ ತಾವು ಯಾರ ಜೊತೆ ಮಾತಾಡುತ್ತಿದ್ದೇವೆಂಬುದು ನೆನಪಾಯಿತು. ದನಿ ಇಳಿಯಿತು. "ಅಂದ್ರೆ, ನಮ್ಮ ಕಡೆ ಹುಳ ಹಂಗೆ, ಸಾರ್. ಪರೀಕ್ಷೆ ಹುಳದ ವಿಷಯ ನನಗೆ ಗೊತ್ತಿಲ್ಲ."

"ಕ್ಷಮೆ ಕೇಳೋಕೆ ಹೇಳಿ ಅವಳಿಗೆ."

"ಯುನ್, ಅಲ್ಲಿದ್ದೀಯಾ? ಕ್ಷಮೆ ಕೇಳಿಬಿಡಮ್ಮ. ಎರಡೇ ಅಂಕ ಅಂತೆ. ನಿನ್ನ ಸೇರಿಸೋಕೆ ಎಂಟು ಶಾಲೆ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದೀನಿ. ಒಂಬತ್ತನೇದು ಎಲ್ಲಿ ಹುಡುಕಲಿ?"

"ಅಪ್ಪ, ನೀವೇ ಹೇಳಿದ್ರಲ್ಲ ಈಗ, ಸೆಕೆಗೆ ಅಂತ."

"ನಾನು ಹೇಳಿದ್ರೆ ಯಾರು ಕೇಳ್ತಾರೆ, ಮಗಳೇ?"

"ನಾನು ಕೇಳ್ತೀನಿ," ಅಂದಳು ಸುಯುನ್. "ಕ್ಷಮೆ ಕೇಳಲ್ಲ, ಅಪ್ಪ. ಊಟ ಮಾಡಿ. ಅಮ್ಮಂಗೆ ಹೇಳಿ, ಚೆನ್ನಾಗಿದ್ದೀನಿ ಅಂತ."

ಷಾವ್ ಸಾರ್ ಫೋನ್ ಆರಿಸಿ ತೀರ್ಪು ಕೊಟ್ಟರು. ಸೋಮವಾರ ಬೆಳಿಗ್ಗೆ ಧ್ವಜ ಏರಿಸಿದ ಮೇಲೆ ಇಡೀ ಶಾಲೆಯ ಮುಂದೆ ತಪ್ಪೊಪ್ಪಿಗೆ ಪತ್ರ ಓದಬೇಕು. ಎಂಟುನೂರು ಪದಕ್ಕೆ ಕಡಿಮೆ ಇರಬಾರದು. ವೆಂಗ್ ಮೇಡಂ ಮೊದಲು ನೋಡಿ ಸಹಿ ಹಾಕಬೇಕು. ಇಲ್ಲವಾದರೆ ಗಂಟುಮೂಟೆ ಕಟ್ಟಬಹುದು.

ಅಲ್ಲಿಯವರೆಗೂ ನಾನು ಮನಸ್ಸಿನಲ್ಲಿ ಸೂಚಿಯ ಕಡೆಗೇ ಇದ್ದೆ. ಆದರೆ ಆ ಮನುಷ್ಯನ ದನಿ ನಡುವೆಯೇ ಇಳಿದುಹೋದದ್ದು ನನ್ನ ಕಿವಿಯಿಂದ ಹೋಗಲಿಲ್ಲ. ತನ್ನ ಜೀವಮಾನದ ಕಸುಬಿನ ಮಾತನ್ನು ಅರ್ಧಕ್ಕೆ ನುಂಗಿಕೊಂಡುಬಿಟ್ಟನಲ್ಲ. ಮಧ್ಯಾಹ್ನ ಊಟದ ನಂತರ ಸ್ಟಾಫ್ ರೂಮಿನಲ್ಲಿ ಎಲ್ಲರೂ ಟೇಬಲ್ ಮೇಲೆ ತಲೆಯಿಟ್ಟು ಮಲಗಿದ್ದಾಗ ನಾನು ಹಾಸ್ಟೆಲಿಗೆ ಹೋಗಿ ಸುಯುನ್‌ಳಿಂದ ಆ ಹರಿದ ಡಿಕ್ಷನರಿ ಈಸಿಕೊಂಡು ಬಂದೆ. 'ಕ್ಲೋಸ್'ಗೆ ಒಂದೂವರೆ ಪುಟ. ಹತ್ತಿರ, ಆಪ್ತ, ಒತ್ತಾದ, ಗುಟ್ಟಾದ, ಜಿಪುಣ. ಬೆರಳಿಟ್ಟುಕೊಂಡು ಇಳಿಯುತ್ತಾ ಬಂದೆ. ಹನ್ನೊಂದನೇ ಅರ್ಥ: ಹವೆಯ ವಿಷಯದಲ್ಲಿ, ಗಾಳಿಯಾಡದ, ಧಗೆಯ. ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ ಚಿಕ್ಕ ಅಕ್ಷರ: 'ಶಾನ್‌ಶಿ, ಜೂನ್, ಲಾರಿಯ ಹಿಂದೆ ಮಲಗಿದ್ದಾಗ ಹೀಗೇ.' ಹುಡುಗಿ ಆ ಪದವನ್ನು ಬಾಯಿಪಾಠ ಮಾಡಿರಲಿಲ್ಲ. ಅದರೊಳಗೆ ಮಲಗಿ ಬೆವೆತಿದ್ದಳು.

ಆಮೇಲೆ ಪ್ರಶ್ನೆಪತ್ರಿಕೆ ತೆಗೆದು, ಪ್ರಶ್ನೆಗಳ ಮೇಲೆ ಒಂದು ಹಾಳೆ ಮುಚ್ಚಿಟ್ಟು, ಗದ್ಯಭಾಗವನ್ನು ಮೊದಲಿನಿಂದ ಕೊನೆಯ ತನಕ ಓದಿದೆ. ಎಷ್ಟು ವರ್ಷದ ಮೇಲೋ ಹಾಗೆ ಓದಿದ್ದು. ಓದಿದರೆ ಅಲ್ಲೊಬ್ಬ ಮುದುಕ ಇದ್ದ. ಎರಡನೇ ಪ್ಯಾರಾದಲ್ಲಿ ಅವನು ಅಂಗಿ ತೋಯುವಷ್ಟು ಬೆವೆತಿದ್ದ, ನಾಯಿ ಬಾವಿಯ ಕಲ್ಲಿನ ಮೇಲೆ ಹೊಟ್ಟೆ ಚೆಲ್ಲಿ ಮಲಗಿತ್ತು. ನನ್ನ ವಿಧಾನದಲ್ಲಿ ಆ ಸಾಲುಗಳು ಯಾವ ಪ್ರಶ್ನೆಗೂ ಬೇಕಾಗಿರಲಿಲ್ಲ. ಆದ್ದರಿಂದ ನಾನಾಗಲಿ ನನ್ನ ಮಕ್ಕಳಾಗಲಿ ಅವನ್ನು ಓದಿರಲಿಲ್ಲ.  ಎರಡು ತರಗತಿಗಳಿಗೆ, ನೂರಾನಾಲ್ಕು ಮಕ್ಕಳಿಗೆ, ನಿಂತುಕೊಂಡು ತಪ್ಪು ಹೇಳಿಕೊಟ್ಟಿದ್ದೆ. ನಕ್ಕೂ ಇದ್ದೆ.

ಶುಕ್ರವಾರ ರಜೆ ಹಾಕಿ ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೆ ಹೋದೆ. ಇಂಗ್ಲಿಷ್ ಪತ್ರಿಕೆ ತಯಾರಿಸಿದವರು ಗು ಸಾರ್. ಬಿಳಿಕೂದಲಿನ ಸಭ್ಯ ಮನುಷ್ಯ. ಗಾಜಿನ ಲೋಟದಲ್ಲಿ ಹಸಿರು ಚಹಾ ಹಾಕಿಕೊಟ್ಟು ಕೂರಿಸಿದರು. ನಾನು ಡಿಕ್ಷನರಿ ತೆರೆದು ಹನ್ನೊಂದನೇ ಅರ್ಥ ತೋರಿಸಿದೆ. ಕನ್ನಡಕ ಏರಿಸಿ ಓದಿದರು. ಬಹಳ ಹೊತ್ತು ಓದಿದರು.

"ಈ ಅರ್ಥ ಪಠ್ಯಕ್ರಮದ ಪದಪಟ್ಟಿಯಲ್ಲಿ ಇಲ್ಲ, ವೆಂಗ್ ಮೇಡಂ," ಅಂದರು.

"ಪಟ್ಟಿಯಲ್ಲಿ ಇಲ್ಲ, ಸಾರ್. ಗದ್ಯದಲ್ಲಿದೆ."

"ಪಟ್ಟಿಯಲ್ಲಿ ಇಲ್ಲದ ಅರ್ಥವನ್ನ ಮಕ್ಕಳಿಂದ ನಿರೀಕ್ಷೆ ಮಾಡೋಹಂಗಿಲ್ಲ. ಹಾಗಾಗಿ ಪರೀಕ್ಷೆ ಮಟ್ಟಿಗೆ ಆ ಪದಕ್ಕೆ ಆ ಅರ್ಥ ಇಲ್ಲ."

"ಹಾಗಾದ್ರೆ ಆ ದಿನ ಮುದುಕನಿಗೆ ಸೆಕೆ ಆಗಿದ್ದು?"

ಅವರು ನಕ್ಕರು. ಒಳ್ಳೆಯ ನಗುವೇ. "ಕಷ್ಟದ ಪದಗಳನ್ನೆಲ್ಲ ನಾವು ಬದಲಾಯಿಸಿದ್ವಿ. ಇದು ಸುಲಭದ ಪದ ಅಂತ ಬಿಟ್ವಿ, ನೋಡಿ. ಈ ಗದ್ಯಕ್ಕೆ ಒಂದು ನೀತಿ ಇದೆ. ಪ್ರೀತಿಸಿದ್ದನ್ನ ಬಿಟ್ಟುಕೊಡೋದು. ಮಕ್ಕಳಿಗೆ ಒಳ್ಳೇದು. ಮೂಲದಲ್ಲಿ ಇನ್ನೊಂದು ಪ್ಯಾರಾ ಇತ್ತು. ಪದಮಿತಿ ಮೀರುತ್ತೆ ಅಂತ ತೆಗೆದ್ವಿ."

"ಅದರಲ್ಲಿ ಏನಿತ್ತು, ಸಾರ್?"

"ಏನೋ... ಬೆಳಿಗ್ಗೆ ತಂಪಾಗಿತ್ತು, ಮುದುಕ ಮುಚ್ಚಳ ಮುಚ್ಚಿದ ಅಂತ."

"ಹುಳಗಳು?"

ಗು ಸಾರ್ ಲೋಟ ಎತ್ತಿ ಮೇಲಿನ ಎಲೆಗಳನ್ನು ಊದಿ ಸರಿಸಿ ಒಂದು ಗುಟುಕು ಕುಡಿದರು.

"ಒಳಗಿದ್ವು," ಅಂದರು.

ಹೊರಗೆ ಯಾರೋ ವರಾಂಡ ಒರೆಸುತ್ತಿದ್ದರು. ನಾನು ಅವರ ಮುಖವನ್ನೇ ನೋಡಿದೆ.

"ಹಾಗೆ ನೋಡಬೇಡಿ, ಮೇಡಂ. ಮೂವತ್ತು ಸಾವಿರ ಮಕ್ಕಳ ಅಂಕ ಸೇರಿಸಿ ಆಗಿದೆ. ರ್‍ಯಾಂಕ್ ಪಟ್ಟಿ ಹೊರಬಿದ್ದಿದೆ. ಈಗ ತಪ್ಪಾಯ್ತು ಅಂದ್ರೆ ನಾಳೆ ಪ್ರತಿ ಪ್ರಶ್ನೆಗೂ ಒಬ್ಬೊಬ್ಬರು ಬಸ್ ಹತ್ತಿ ಬರ್ತಾರೆ. ನೀವೊಂದು ಕೆಲಸ ಮಾಡಿ. ಆ ಹುಡುಗಿನ ಪಕ್ಕಕ್ಕೆ ಕರೆದು, ನೀನು ಜಾಣೆ ಕಣಮ್ಮ ಅಂತ ಹೇಳಿಬಿಡಿ. ಎಲ್ಲರ ಮುಂದೆ ಬೇಡ."

"ಎಲ್ಲರ ಮುಂದೆ ತಾನೇ ಸಾರ್ ನಾವು ಅವಳದು ತಪ್ಪು ಅಂದಿದ್ದು?"

ಅವರು ಲೋಟ ಪಕ್ಕಕ್ಕಿಟ್ಟು ಎದ್ದರು. ಬಸ್‌ಸ್ಟಾಂಡಿನ ತನಕ ಕಾರಿನಲ್ಲಿ ಬಿಟ್ಟುಬರುತ್ತೇನೆ ಅಂದರು. ನಡೆದೇ ಹೋಗ್ತೀನಿ ಅಂದೆ.

ಭಾನುವಾರ ಮಧ್ಯಾಹ್ನ ಸುಯುನ್ ತಪ್ಪೊಪ್ಪಿಗೆ ಪತ್ರ ತಂದಳು. ಎರಡು ಹಾಳೆ. ಓದಿದೆ. ಓದಿ ತಲೆಯೆತ್ತಿದೆ. ಅವಳು ಕೈ ಕಟ್ಟಿಕೊಂಡು, ನಾನು ಹರಿದು ಹಾಕುವುದನ್ನೇ ಕಾಯುವವಳಂತೆ ನಿಂತಿದ್ದಳು.

"ಇದು ಎಂಟುನೂರು ಪದ ಇಲ್ಲ," ಅಂದೆ.

"ಅಷ್ಟು ತಪ್ಪು ಮಾಡಿಲ್ಲ, ಟೀಚರ್."

"ಇದನ್ನ ಓದಿದ್ರೆ ಷಾವ್ ಸಾರ್ ಏನು ಮಾಡ್ತಾರೆ, ಗೊತ್ತಲ್ಲ?"

"ಗೊತ್ತು."

ಪೆನ್ನು ತೆಗೆದೆ. ಒಂದು ಕಡೆ ಅಕ್ಷರ ತಪ್ಪಿತ್ತು, ತಿದ್ದಿದೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ. ಆಮೇಲೆ ಅವಳಿಗೆ ಹೇಳಿದೆ: "ನಾನು ಮಂಗಳವಾರ ನಕ್ಕಿದ್ದು ತಪ್ಪು. ಉತ್ತರ 'ಸಿ'."

ಅವಳು ಮೊದಲ ಸಲ ಗಲಿಬಿಲಿಗೊಂಡಳು. ಜಗಳಕ್ಕೆ ಸಿದ್ಧಳಾಗಿ ಬಂದವಳಿಗೆ ಎದುರಾಳಿ ಸಿಗದೆ ಕೈಕಾಲು ಎಲ್ಲಿಡಬೇಕೋ ತಿಳಿಯಲಿಲ್ಲ. "ಹ್ಞೂಂ" ಅಂದು ಪತ್ರ ಕಿತ್ತುಕೊಂಡು ಓಡಿದಳು.

ಸೋಮವಾರ. ಎರಡು ಸಾವಿರ ಮಕ್ಕಳು ಸಾಲಾಗಿ ಮೈದಾನದಲ್ಲಿ. ಷಾವ್ ಸಾರ್ ಪತ್ರದ ಕೊನೆಯಲ್ಲಿ ನನ್ನ ಸಹಿ ಇದೆಯಾ ಎಂದಷ್ಟೇ ನೋಡಿ ಅವಳಿಗೆ ಮೈಕ್ ಕೊಟ್ಟರು. ಸುಯುನ್ ಅದನ್ನು ಬಾಯಿಗೆ ತೀರಾ ಹತ್ತಿರ ಹಿಡಿದಳು. ಮೊದಲ ಮಾತೇ ಗುಡುಗಿದ ಹಾಗೆ ಬಂತು.

"ಮೂರನೇ ವರ್ಷದ ಏಳನೇ ಸೆಕ್ಷನ್ನಿನ ತಾಂಗ್ ಸುಯುನ್ ಆದ ನಾನು ನನ್ನ ತಪ್ಪುಗಳನ್ನು ಒಪ್ಪಿಕೊಳ್ಳಲು ನಿಂತಿದ್ದೇನೆ. ತರಗತಿಯಲ್ಲಿ ಕೈಯೆತ್ತದೆ ಎದ್ದು ಮಾತಾಡಿದೆ. ಅದು ತಪ್ಪು. ಷಾವ್ ಸಾರ್ ಒಂದು ವಾಕ್ಯ ಬರಿ ಅಂದರೆ ಇನ್ನೊಂದು ವಾಕ್ಯ ಬರೆದೆ. ಅದು ತಪ್ಪಾ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ, ಇನ್ನೂ ಗೊತ್ತಾಗಿಲ್ಲ. ಅಪ್ಪನಿಗೆ ಚಿಂತೆ ತಂದಿಟ್ಟೆ. ಅದು ದೊಡ್ಡ ತಪ್ಪು, ಅದಕ್ಕೆ ಅಪ್ಪನ ಹತ್ತಿರ ಕ್ಷಮೆ ಕೇಳುತ್ತೇನೆ. ಐವತ್ತೆರಡನೇ ಪ್ರಶ್ನೆಗೆ 'ಸಿ' ಎಂದು ಬರೆದೆ. ಅದು ತಪ್ಪಲ್ಲ."

ಸಾಲುಗಳಲ್ಲಿ ಗುಜುಗುಜು ಎದ್ದಿತು. ಷಾವ್ ಸಾರ್ ಕೈಯಾಡಿಸಿದರು, ಮೈಕ್ ಸತ್ತುಹೋಯಿತು. ಸುಯುನ್ ಅದನ್ನೊಮ್ಮೆ ತಟ್ಟಿ ನೋಡಿ ನೆಲದ ಮೇಲಿಟ್ಟಳು. ಲಾರಿಯಿಂದ ಲಾರಿಗೆ ಕೂಗಿ ಮಾತಾಡಿ ಬೆಳೆದ ಗಂಟಲು ಅದು.

"ಧಗೆ ದಿನ ಹುಳ ಹೊರಗೆ ಬಂದು ನೇತಾಡೋದು ಬಿಟ್ಟು ಹೋಗೋಕಲ್ಲ! ಒಳಗಿರೋ ಮರಿಗಳಿಗೆ ಗಾಳಿ ಆಡಲಿ ಅಂತ ಜಾಗ ಬಿಟ್ಟು ಬರ್ತವೆ! ತಂಪಾದ ಮೇಲೆ ತಾವೇ ಒಳಗೆ ಹೋಗ್ತವೆ! ನಮ್ಮಪ್ಪ ಮೂವತ್ತು ವರ್ಷದಿಂದ ನೋಡಿದ್ದಾರೆ!"

ಇಷ್ಟು ಹೇಳಿ, ಹಾಳೆಗಳನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ತನ್ನ ಸಾಲಿಗೆ ನಡೆದು ಹೋಗಿ ನಿಂತಳು.

ಮೊದಲನೇ ಪೀರಿಯಡ್ ನನ್ನದೇ. ಷಾವ್ ಸಾರ್ ಮೆಟ್ಟಿಲ ಹತ್ತಿರ ಅಡ್ಡಹಾಕಿ, "ಸಹಿ ನಿಮ್ಮದೇ ತಾನೇ? ಓದಿ ಹಾಕಿದ್ರೋ, ಓದದೆ ಹಾಕಿದ್ರೋ?" ಅಂದರು. ಓದದೆ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರೂ ಅದನ್ನೇ ಬಯಸಿದ್ದರು, ಪಾಪ. "ಓದೇ ಹಾಕಿದ್ದು, ಸಾರ್. ಒಂದು ಅಕ್ಷರ ತಿದ್ದಿದ್ದೂ ನಾನೇ," ಅಂದೆ.

ತರಗತಿಗೆ ಹೋಗಿ ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ: ೫೨, ಸಿ. 'ಕ್ಲೋಸ್' ಪದದ ಹನ್ನೊಂದು ಅರ್ಥಗಳನ್ನೂ ಬರೆದೆ. "ಕಳೆದ ವಾರ ನಾನು ತಪ್ಪು ಹೇಳಿಕೊಟ್ಟೆ," ಅಂದೆ. "'ಸಿ' ಬರೆದವರು ಇನ್ನೂ ಯಾರಾದ್ರೂ ಇದ್ರಾ?"

 ಹಿಂದಿನ ಬೆಂಚಿನಿಂದ ಒಂದು ಕೈ. ಕಿಟಕಿಯ ಪಕ್ಕದಿಂದ ಇನ್ನೊಂದು. ಒಂದೊಂದಾಗಿ ಎದ್ದು ಒಟ್ಟು ಒಂಬತ್ತು ಕೈಯಾದವು. ಎಲ್ಲರೂ ಮಂಗಳವಾರ ಕೆಂಪು ಪೆನ್ನಿನಲ್ಲಿ 'ಸಿ' ಹೊಡೆದು 'ಬಿ' ಬರೆದುಕೊಂಡು ಸುಮ್ಮನೆ ಕೂತಿದ್ದವರು. ಹತ್ತನೆಯ ಕೈ ಮೆಂಗ್‌ಜಿಯಾಳದು.

"ನೀನೂ 'ಸಿ' ಬರೆದಿದ್ಯಾ?"

"ಮೊದಲು 'ಸಿ' ಅಂತಲೇ ಬರೆದಿದ್ದೆ, ಟೀಚರ್," ಅಂದಳು ತಲೆ ತಗ್ಗಿಸಿ. "ಅಜ್ಜ ಬೆವೆತಿದ್ದ ಅಂತ ಓದಿದ್ದೆ. ಆಮೇಲೆ ನಿಮ್ಮ ವಿಧಾನದಲ್ಲಿ ಇನ್ನೊಂದು ಸಲ ನೋಡಿದೆ. 'ಬಿ' ಬಂತು."

ಇಷ್ಟು ವರ್ಷದ ಸರ್ವಿಸಿನಲ್ಲಿ ಯಾವ ಅಧಿಕಾರಿಯೂ ನನಗೆ ಅಷ್ಟು ಚೆನ್ನಾಗಿ ಬೈದಿಲ್ಲ.

'ಸಿ' ಎಂದೇ ಉತ್ತರ ಕೊಟ್ಟಿದ್ದ ಹತ್ತೂ ಮಕ್ಕಳಿಗೆ, ಸುಯುನ್‌ಗೂ ಸೇರಿಸಿ, ನನ್ನ ತರಗತಿಯ ಅಂಕಪುಸ್ತಕದಲ್ಲಿ ಎರಡೆರಡು ಅಂಕ ಕೊಟ್ಟೆ. ಜಿಲ್ಲೆಯ ಪಟ್ಟಿಯಲ್ಲಿ ಏನೂ ಬದಲಾಗಲಿಲ್ಲ. ಸುಯುನ್‌ಳ ಫೈಲಿಗೆ ಒಂದು ಎಚ್ಚರಿಕೆ ಪತ್ರ ಸೇರಿತು. ಅವಳನ್ನು ಹೊರಗೆ ಹಾಕಲಿಲ್ಲ. ಹಾಕಬೇಕಾದರೆ ಕಾರಣ ಬರೆಯಬೇಕಿತ್ತು. ಕಾರಣ ಬರೆಯಲು ಐವತ್ತೆರಡನೇ ಪ್ರಶ್ನೆಯ ಕತೆ ಬರೆಯಬೇಕಿತ್ತು. ಅದು ಯಾರಿಗೂ ಬೇಡವಾಗಿತ್ತು. ನನ್ನನ್ನು ಮುಂದಿನ ವರ್ಷದಿಂದ ಕೊನೆಯ ವರ್ಷದ ತರಗತಿಗಳಿಂದ ತೆಗೆದು, ಹೊಸದಾಗಿ ಸೇರಿದ ಮಕ್ಕಳಿಗೆ ಹಾಕಿದರು.

ಜೂನ್ ಪರೀಕ್ಷೆಯಲ್ಲಿ ಸುಯುನ್‌ಗೆ ಇಂಗ್ಲಿಷಿನಲ್ಲಿ ನೂರೈವತ್ತಕ್ಕೆ ನೂರಾ ಮೂವತ್ತೊಂದು ಬಂತು, ಗಣಿತದಲ್ಲಿ ಐವತ್ತೆಂಟು. ಗಣಿತದಲ್ಲಿ ಮಾತ್ರ ಸೂಚಿ ಪೂರ್ತಿ ಸರಿಯಿತ್ತು ಅಂತ ಅವಳೇ ನಗುತ್ತಾ ಹೇಳಿದಳು. ದೊಡ್ಡ ಕಾಲೇಜು ಯಾವುದೂ ಸಿಗಲಿಲ್ಲ. ಗುಯಿಝೌ ಗುಡ್ಡಗಳ ಕಡೆಯ ಒಂದು ಸಣ್ಣ ಶಿಕ್ಷಕರ ಕಾಲೇಜಿಗೆ ಹೋದಳು. ಹೊರಡುವ ದಿನ ಅವಳ ಅಪ್ಪ ಬಂದಿದ್ದರು, ಬಿಸಿಲಿಗೆ ಕಪ್ಪಾದ ಸಣಕಲು ಮನುಷ್ಯ. ಶಾಲೆಯ ಗೇಟಿನಿಂದ ಒಳಗೆ ಬರಲು ಸಂಕೋಚಪಟ್ಟು ಹೊರಗೇ ನಿಂತಿದ್ದರು. ನಾನೇ ಹೊರಗೆ ಹೋದೆ. "ಹುಡುಗಿ ಬಹಳ ತೊಂದರೆ ಕೊಟ್ಟಳು, ಮೇಡಂ," ಅಂದರು. ಬಾಯಲ್ಲಿ ಹಾಗಂದರೂ ಮುಖದಲ್ಲಿ ಹೆಮ್ಮೆ ತುಂಬಿತ್ತು.

ಹೊಸ ಮಕ್ಕಳಿಗೆ ಈಗಲೂ ದಿನಕ್ಕೆ ನಲವತ್ತು ಪದ ಕೊಡುತ್ತೇನೆ. ಗದ್ಯಭಾಗ ಕೊಟ್ಟಾಗ ಮಾತ್ರ ಪ್ರಶ್ನೆಗಳನ್ನು ಮಡಿಸಿ ಹಿಂದಕ್ಕೆ ಹಾಕಿಸುತ್ತೇನೆ. ಮೊದಲು ಗದ್ಯ, ಪೂರ್ತಿ. ಹದಿನೈದು ನಿಮಿಷ ಹಿಡಿದರೂ ಸರಿ. ವೆಂಗ್ ಮೇಡಂ ತರಗತಿ ನಿಧಾನ ಅಂತ ದೂರು ಬರುತ್ತಲೇ ಇರುತ್ತದೆ. ಸುಯುನ್ ಹೋದ ಮರುವರ್ಷದ ಪರೀಕ್ಷೆಯಲ್ಲಿ ಜಿಲ್ಲೆಯವರು ಪತ್ರಿಕೆಯ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಅಚ್ಚು ಹಾಕಿಸಿದರು: ಉತ್ತರಸೂಚಿಯೇ ಅಂತಿಮ. ಮಕ್ಕಳು ಅದರ ಅರ್ಥ ಕೇಳಿದರು. "ಯಾರಿಗೋ ಭಯ ಆಗಿದೆ ಅಂತ ಅರ್ಥ," ಅಂದೆ.

ಷಾವ್ ಸಾರ್ ಕೆಟ್ಟವರಲ್ಲ. ಪ್ರತಿ ಬೇಸಿಗೆ ತರಗತಿ ಹಂಚುವ ಹೊತ್ತಿಗೆ ಬಂದು ಪಕ್ಕದಲ್ಲಿ ಕೂರುತ್ತಾರೆ. "ಒಂದೇ ಒಂದು ಹಾಳೆ, ವೆಂಗ್ ಮೇಡಂ. ಆ ಸಹಿ ಅವಸರದಲ್ಲಿ ಹಾಕಿದ್ದು ಅಂತ ಬರೆದುಕೊಟ್ಟುಬಿಡಿ. ಕೊನೇ ವರ್ಷದ ತರಗತಿ ಮತ್ತೆ ನಿಮ್ಮದೇ," ಅನ್ನುತ್ತಾರೆ. ಹಾಳೆಯನ್ನೂ ಅವರೇ ತಂದಿರುತ್ತಾರೆ. ನಾನು ಅದರ ಬೆನ್ನಿನ ಮೇಲೆ ಮರುದಿನದ ನಲವತ್ತು ಪದಗಳನ್ನು ಬರೆದುಕೊಳ್ಳುತ್ತೇನೆ.